ಯುಗ್ಮ ಕಾರ್ಬುರೇಟರ್ ಮೀಮಾಂಸೆ

ಷೆವರ್ಲೆಯ 350 ಘನ ಅಂಗುಲದ ವಿ8 ಎಂಜಿನ್ ಇಲ್ಲಿ ವಿಷಯ. ಅದರ ನೆತ್ತಿಯ ಮೇಲೆ ನಾಲ್ಕು ಬಾಯಿಯ ಕಾರ್ಬುರೇಟರ್ ಒಂದಿರಬೇಕೋ ಎರಡೋ ಎಂಬುದು ಸಂಶಯ. ಒಂದೇ ಸಾಕೆನ್ನುವ ಅದ್ವೈತಿಗಳೂ ಎರಡು ಬೇಕೇ ಬೇಕೆನ್ನುವ ದ್ವೈತಿಗಳೂ ಅಮೆರಿಕದ ಗ್ಯಾರೇಜುಗಳಲ್ಲಿ ಗ್ರೀಸು ಮೆತ್ತಿದ ಕೈಯೆತ್ತಿ ವಾದಿಸುತ್ತಲೇ ಬಂದಿದ್ದಾರೆ.

ದ್ವೈತಿಗಳ ಕೈಯಲ್ಲಿ ಪ್ರತ್ಯಕ್ಷ ಪ್ರಮಾಣವುಂಟು. 1955ರ ಕ್ರೈಸ್ಲರ್ ಸಿ-300 ಎರಡು ಕಾರ್ಟರ್ ಕಾರ್ಬುರೇಟರ್ ಹೊತ್ತು 300 ಅಶ್ವಶಕ್ತಿ ಕೊಟ್ಟಿತು; ಟಿಮ್ ಫ್ಲಾಕ್ ಆ ವರ್ಷ ಅದೇ ಕಾರಿನಲ್ಲಿ ನ್ಯಾಸ್ಕಾರ್ ಚಾಂಪಿಯನ್ ಆದ. ಇದು ಹೇತ್ವಾಭಾಸ. ಅಂದಿನ ಕಾರ್ಬುರೇಟರಿನ ಗಂಟಲೇ ಸಣ್ಣದು, ಆದ್ದರಿಂದ ಎರಡು ಬೇಕಾದವು.

ಇನ್ನು ಗಣಿತ. ಎಂಜಿನ್ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯುತ್ತದೆಂದು ತಿಳಿಯಲು ಎಂಜಿನ್ನಿನ ಘನ ಅಂಗುಲವನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 3456ರಿಂದ ಭಾಗಿಸತಕ್ಕದ್ದು. ಈ ಸಂಖ್ಯೆಯನ್ನು ಮಂತ್ರದಂತೆ ಜಪಿಸುವವರೇ ಹೆಚ್ಚು, ಬಿಡಿಸಿ ನೋಡಿದವರು ಕಡಿಮೆ. ಒಂದು ಘನ ಅಡಿಗೆ 1728 ಘನ ಅಂಗುಲ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ಉಸಿರೆಳೆಯುವುದರಿಂದ ಅದರ ಇಮ್ಮಡಿ. ಅಷ್ಟೇ. 5500 ಸುತ್ತಿಗೆ ನಮ್ಮ ಎಂಜಿನ್ ನಿಮಿಷಕ್ಕೆ 557 ಘನ ಅಡಿ ಗಾಳಿ ಕೇಳುತ್ತದೆ. ಬೀದಿಯ ಎಂಜಿನ್ನಿನ ಎದೆ ಪೂರ್ತಿ ತುಂಬುವುದಿಲ್ಲವಾಗಿ ಶೇ. 85 ಹಿಡಿದರೆ 473.

ದ್ವೈತಿ ತಂದು ಕೂರಿಸುವುದೋ ನಿಮಿಷಕ್ಕೆ ತಲಾ 600 ಘನ ಅಡಿ ಗಾಳಿ ಬಿಡುವ ಕಾರ್ಬುರೇಟರುಗಳ ಜೋಡಿ, ಒಟ್ಟು 1200. ಮಿಕ್ಕ 727 ಘನ ಅಡಿ ಯಾರ ಪಾಲು? ಪೂರ್ವಾಚಾರ್ಯರು ಈ ಪ್ರಶ್ನೆಯನ್ನು ಜಾಣತನದಿಂದ ದಾಟಿಹೋಗಿದ್ದಾರೆ. ನಮ್ಮ ಮತದಲ್ಲಿ ಅದು ಎಂಜಿನ್ನಿನದಲ್ಲ, ಬಾನೆಟ್ ಎತ್ತಿದೊಡನೆ ಸುತ್ತ ನಿಂತವರು ಬಾಯಿ ತೆರೆದು ಎಳೆದುಕೊಳ್ಳುವ ಉಸಿರಿನದು. ಇದಕ್ಕೆ ತೆರುವ ದಂಡವೂ ಶಾಸ್ತ್ರೋಕ್ತವೇ: ವೆಂಚುರಿ ಎಂಬ ಕಾರ್ಬುರೇಟರಿನ ಗಂಟಲು ಅಗಲವಾದರೆ ಗಾಳಿ ಸೋಮಾರಿಯಾಗುತ್ತದೆ, ಪೆಟ್ರೋಲು ಸೂಕ್ಷ್ಮವಾಗಿ ಒಡೆಯುವುದಿಲ್ಲ, ಹಸಿರು ದೀಪ ಬಿದ್ದೊಡನೆ ಕಾರು ಕೆಮ್ಮುತ್ತದೆ, ಪಕ್ಕದ ಸ್ಕೂಲ್ ಬಸ್ಸು ಮುಂದೆ ಹೋಗುತ್ತದೆ.

ಆದರೂ ಎರಡು ಬೇಕೆಂಬ ಚಪಲ ಬಿಡದವರಿಗೆ ವಿಶಿಷ್ಟಾದ್ವೈತವೇ ಗತಿ. ತಲಾ 450 ಅಥವಾ 500ರ ಸಣ್ಣ ಜೋಡಿ ಸಾಕು. ಅದರ ಸೆಕೆಂಡರಿ ಬಾಯಿಗಳು ಎಂಜಿನ್ ಕೇಳಿದಾಗಷ್ಟೇ ತೆರೆಯುವಂಥ ವ್ಯಾಕ್ಯೂಮ್ ಬಗೆಯವಾಗಿರಲಿ. ಕೂಡಿಸುವ ಲಿಂಕೇಜ್ ಪ್ರೊಗ್ರೆಸಿವ್ ಆಗಿದ್ದರೆ ಮೆಲ್ಲಗೆ ಹೋಗುವಾಗ ಹಿಂದಿನ ಕಾರ್ಬುರೇಟರ್ ದುಡಿಯುತ್ತದೆ, ಮುಂದಿನದು ಶೋಭಿಸುತ್ತದೆ; ಪೆಡಲ್ ಒತ್ತಿದಂತೆ ಎರಡೂ ಒಂದಾಗುತ್ತವೆ. ಕಾರ್ಬುರೇಟರುಗಳು ಕೂರುವ ಮ್ಯಾನಿಫೋಲ್ಡ್ ತಗ್ಗಿನದಿರಲಿ. ಟನೆಲ್ ರ್‍ಯಾಮ್ ಎಂಬ ಗೋಪುರದ ಗುಣ ಹೊಮ್ಮುವುದು ಎಂಜಿನ್ ಅರಚುವ ವೇಗದಲ್ಲಿ. ಮೇಲಾಗಿ ಅದಕ್ಕೆ ಬಾನೆಟ್ಟಿಗೆ ತೂತು ಕೊರೆಯಬೇಕು. ತೂತೇ ಪರಮಪ್ರಯೋಜನವೆನ್ನುವ ಶಾಖೆಯೊಂದಿದೆ. ಅವರೊಡನೆ ತರ್ಕ ನಡೆಯುವುದಿಲ್ಲ.

ಕೊನೆಗೆ ಶೂನ್ಯವಾದಿಗಳು. 1957ರ ಕಾರ್ವೆಟ್‌ನ 283 ಘನ ಅಂಗುಲದ ಎಂಜಿನ್ ಎರಡು ಕಾರ್ಬುರೇಟರಿನಿಂದ 270 ಅಶ್ವಶಕ್ತಿ ಕೊಟ್ಟರೆ, ಒಂದೂ ಇಲ್ಲದೆ ಬರೀ ಫ್ಯೂಯೆಲ್ ಇಂಜೆಕ್ಷನ್ನಿನಿಂದ 283 ಕೊಟ್ಟಿತೆಂದು ಅವರು ತೋರಿಸುತ್ತಾರೆ. ಗ್ರಂಥವಿಸ್ತಾರಭಯದಿಂದ ಈ ಮತದ ಖಂಡನೆಯನ್ನು ಇಲ್ಲಿ ಕೈಬಿಡಲಾಗಿದೆ.