ಹೇಗೂ ಹೊರಟಿರುವ ರಾಯರು

ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸಿಗುವ ರಾಯರನ್ನು "ಹೇಗಿದ್ದೀರಿ?" ಎಂದು ಕೇಳಿ ನೋಡಿ. "ಇದ್ದೀವಿ, ಸದ್ಯಕ್ಕೆ" ಎನ್ನುತ್ತಾರೆ. ಗಾಬರಿಯಾಗಬೇಡಿ, ಬಿಪಿ, ಶುಗರು ಎರಡೂ ಹತೋಟಿಯಲ್ಲಿವೆ. ಆ 'ಸದ್ಯಕ್ಕೆ' ವೀಸಾಕ್ಕೆ ಸಂಬಂಧಪಟ್ಟದ್ದು. ರಾಯರು ಬ್ಯಾಂಕಿನಿಂದ ರಿಟೈರ್ ಆಗಿ ಎಂಟು ವರ್ಷವಾಯಿತು. ಎಂಟು ವರ್ಷದಿಂದಲೂ ಅವರು ಮುಂದಿನ ವರ್ಷ ದೇಶ ಬಿಡುವವರೇ.

ಅವರಲ್ಲೊಂದು ಬಾಕ್ಸ್ ಫೈಲಿದೆ. ಮೊದಲ ಹಾಳೆ ಇಂಡೆಕ್ಸು, ಲೆಡ್ಜರ್ ಬರೆದು ಪಳಗಿದ ಕೈಯ ದುಂಡಕ್ಷರ. ಹಿಂದೆ ದೇಶಕ್ಕೊಂದು ಪ್ಲಾಸ್ಟಿಕ್ ಕವರು, ಪ್ರತಿ ಕವರಿನಲ್ಲೂ ಆಯಾ ದೇಶದ ಅಳತೆಯ ಫೋಟೊ. ಅಮೆರಿಕಕ್ಕೆ 2 ಇಂಚಿನ ಚೌಕ, ಯೂರೋಪಿಗೆ 35ಕ್ಕೆ 45 ಮಿಲಿಮೀಟರು. ಎಲ್ಲದರಲ್ಲೂ ಬಿಳಿ ಗೋಡೆಯ ಮುಂದೆ ಒಬ್ಬರೇ ರಾಯರು, ಯಾರೋ ಬೈದು ನಿಲ್ಲಿಸಿದ ಹಾಗೆ. "ಯಾವ ದೇಶಕ್ಕೂ ನಾವು ನಗೋ ಹಾಗಿಲ್ಲ ನೋಡಿ" ಎನ್ನುತ್ತಾರೆ.

ಮೊದಮೊದಲು ಮನಸ್ಸು ಥಾಯ್ಲೆಂಡಿನ ಮೇಲಿತ್ತು. ಅನ್ನ ತಿನ್ನುವ ಊರು, ದೇವಸ್ಥಾನ ಬೇಕಾದಷ್ಟು, ಚಳಿಯಿಲ್ಲ. 50 ದಾಟಿರಬೇಕು, ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು. 'ಎಫ್‌ಡಿ ಮುರಿದರಾಯಿತು' ಎನ್ನುವವರೆಗೂ ಬಂದಿದ್ದರು. ಆಮೇಲೆ ತಿಳಿಯಿತು, ಹೋದವರು 90 ದಿನಕ್ಕೊಮ್ಮೆ ಇಮಿಗ್ರೇಷನ್ನಿನವರಿಗೆ 'ಇಂಥ ಕಡೆ ಇದ್ದೇನೆ' ಎಂದು ತಿಳಿಸುತ್ತಿರಬೇಕು. "ವರ್ಷಕ್ಕೊಂದು ಸಲ ಲೈಫ್ ಸರ್ಟಿಫಿಕೇಟ್ ಕೊಡೋದಕ್ಕೇ ನಮಗೆ ಸಾಕಾಗಿದೆ" ಎಂದು ಆ ಕವರನ್ನು ಕೆಳಗೆ ಸೇರಿಸಿದರು.

ಪೋರ್ಚುಗಲ್ಲಿನದು ಇನ್ನೊಂದು ಬಗೆಯ ದುಃಖ. ದುಡಿಯದೆ ಬರುವ ವರಮಾನ ಅಲ್ಲಿನ ಕನಿಷ್ಠ ವೇತನದಷ್ಟಾದರೂ ಇದ್ದರೆ ಡಿ7 ವೀಸಾ ಕೇಳಬಹುದು. 2025ರ ಲೆಕ್ಕದಲ್ಲಿ ತಿಂಗಳಿಗೆ 870 ಯೂರೋ, ಜೊತೆಗೆ ಹೆಂಡತಿಯಿದ್ದರೆ ಅದರ ಅರ್ಧ ಹೆಚ್ಚಿಗೆ. ಆ ಕನಿಷ್ಠ ವೇತನವೋ ವರ್ಷವರ್ಷ ಏರುತ್ತದೆ. ಬ್ಯಾಂಕಿನವರ ಬೇಸಿಕ್ ಪೆನ್ಷನ್ ಮಾತ್ರ ರಿಟೈರ್ ಆದ ದಿನ ಎಲ್ಲಿತ್ತೋ ಅಲ್ಲೇ ಕೂತಿದೆ. ತುಟ್ಟಿಭತ್ಯೆಯೊಂದೇ ತುಸು ಅಲುಗಾಡುವುದು. ಪೆನ್ಷನ್ ಅಪ್‌ಡೇಷನ್ ಆದ ದಿನ ತಾವು ಲಿಸ್ಬನ್ನಿನಲ್ಲಿರುತ್ತೇವೆ ಎನ್ನುತ್ತಾರೆ. ಬ್ಯಾಂಕಿನಲ್ಲಿ ದುಡಿದವರ ಮುಂದೆ ಇದನ್ನು ಹೇಳಿ ನೋಡಿ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಇಂಗ್ಲೆಂಡು ನಿವೃತ್ತರ ವೀಸಾವನ್ನು 2008ರಲ್ಲೇ ಮುಚ್ಚಿತು. ತಾತನ ಕಾಲದ ಜಮೀನು ಉಳುವವನ ಪಾಲಾದ ಧಾಟಿಯಲ್ಲಿ ಅದನ್ನು ಹೇಳಿಕೊಳ್ಳುತ್ತಾರೆ.

ಉಳಿದದ್ದು ಆಸ್ಟ್ರೇಲಿಯಾ. ಮಗಳು ಮೆಲ್ಬರ್ನಿನಲ್ಲಿ, ಮಗ ಇಲ್ಲೇ ಸರಸ್ವತಿಪುರಂನಲ್ಲಿ. ಅಲ್ಲಿಯ ಕಾನೂನು ಮಕ್ಕಳನ್ನು ಎಣಿಸುತ್ತದೆ. ಅಪ್ಪ ಅಮ್ಮ ಹೋಗಿ ನೆಲೆಸಬೇಕಾದರೆ ಸಾಮಾನ್ಯವಾಗಿ ಅರ್ಧದಷ್ಟು ಮಕ್ಕಳಾದರೂ ಅಲ್ಲಿ ಕಾಯಂ ಆಗಿ ನೆಲೆಸಿರಬೇಕು. ರಾಯರದು ಅರ್ಧಕ್ಕೆ ಅರ್ಧ, ಕೂದಲೆಳೆಯಲ್ಲಿ ಪಾಸು. ಅಂದಿನಿಂದ ಊರವರ ಮಕ್ಕಳನ್ನೆಲ್ಲ ಎಣಿಸುವುದೇ ಕೆಲಸ. ಮೂರು ಮಕ್ಕಳಿದ್ದು ಒಬ್ಬ ಮಾತ್ರ ಸಿಡ್ನಿಯಲ್ಲಿರುವ ಗೆಳೆಯರಿಗೆ "ನಿಮ್ಮದು ಆಗೋದಿಲ್ಲ ಬಿಡಿ, ಇನ್ನೊಬ್ಬನ್ನ ಕಳಿಸಿ ಬಂದು ಮಾತಾಡಿ" ಎಂದರು. ನಮ್ಮ ಬೀದಿಯಲ್ಲೊಂದು ನಾಮಕರಣಕ್ಕೆ ಹೋಗಿ, ತೊಟ್ಟಿಲಿಗೆ ಅಕ್ಷತೆ ಹಾಕಿ, ಮಗುವಿನ ಅಪ್ಪನ ಕಿವಿಯಲ್ಲಿ "ಎರಡಕ್ಕೇ ನಿಲ್ಲಿಸಪ್ಪ, ಮೂರಾದರೆ ಬ್ಯಾಲೆನ್ಸ್ ಕಷ್ಟ" ಎಂದರು. ಕೆನಡಾದ ಸೂಪರ್ ವೀಸಾದಲ್ಲಿ ಒಮ್ಮೆ ಹೋದರೆ 5 ವರ್ಷ ಇರಬಹುದು, ಆದರೆ ಅಲ್ಲೊಂದು ಮಗುವೋ ಮೊಮ್ಮಗುವೋ ಇರಬೇಕು. ಅದನ್ನೋದಿದ ದಿನ ಹೆಂಡತಿಯ ಕಡೆ ನೋಡಿ "ಇನ್ನೊಂದಿದ್ದಿದ್ದರೆ..." ಎಂದು ಶುರುಮಾಡಿದವರು, "ಆಗ ಆಸ್ಟ್ರೇಲಿಯಾ ಹೋಗಿರೋದು" ಎಂದು ತಾವೇ ಮುಗಿಸಿದರಂತೆ.

ಪಾಸಾದರೂ ಸರದಿ ಬರಬೇಕಲ್ಲ. ತಲೆಗೆ ಸುಮಾರು 48,000 ಆಸ್ಟ್ರೇಲಿಯನ್ ಡಾಲರ್ ಕಟ್ಟುವವರ ಸಾಲಿನಲ್ಲೇ ಹತ್ತು ವರ್ಷಕ್ಕೂ ಮೇಲೆ ಕಾಯಬೇಕು. ಕಡಿಮೆ ಕಟ್ಟುವವರ ಸಾಲು ಮೂವತ್ತು ವರ್ಷ ದಾಟುತ್ತದೆ. ರಾಯರು ನಿಂತಿರುವುದು ಎರಡನೆಯ ಸಾಲಿನಲ್ಲಿ, ಅವರಿಗೀಗ ಅರವತ್ತೆಂಟು. ನಾನು ಮನಸ್ಸಿನಲ್ಲೇ ಕೂಡಿಸುತ್ತಿದ್ದುದು ಮುಖದಲ್ಲಿ ಕಂಡಿರಬೇಕು. "ಅಷ್ಟೆಲ್ಲ ಆಗೋದಿಲ್ಲ ರೀ. ಕ್ಯೂ ಮುಂದೆ ಹೋಗ್ತಾ ಇರತ್ತೆ, ಮುಂದಿದ್ದೋರು ಬಿಟ್ಟು ಹೋಗ್ತಾ ಇರ್ತಾರೆ" ಎಂದರು. ಎಲ್ಲಿಗೆ ಹೋಗುತ್ತಾರೆಂದು ನಾನು ಕೇಳಲಿಲ್ಲ.

ಇದರಿಂದ ಯಾರಿಗೇನು ನಷ್ಟ ಎನ್ನಬಹುದು. ಅವರ ಮನೆಗೆ ಹೋಗಿ ನೋಡಬೇಕು. ಸುಣ್ಣಬಣ್ಣ ಕಂಡಿಲ್ಲ, 'ಹೇಗೂ ಹೊರಟಿದ್ದೀವಲ್ಲ'. ಬಚ್ಚಲ ನಲ್ಲಿ ಸೋರುತ್ತದೆ, ಕೆಳಗೊಂದು ಬಕೆಟ್ಟಿದೆ, 'ಹೇಗೂ ಹೊರಟಿದ್ದೀವಲ್ಲ'. ಬೀದಿಯ ಗಣಪತಿ ಚಂದಾಕ್ಕೂ ಅದೇ ಉತ್ತರ. ಬಾಗಿಲಿಗೆ ಬಂದ ಜಗಳಗಳನ್ನೆಲ್ಲ ಬಾಕ್ಸ್ ಫೈಲಿನಿಂದ ತಡೆದಿದ್ದಾರೆ. ಅವರ ಮನೆಯಾಕೆಯದು ಬೇರೆಯೇ ಪಂಚಾಂಗ. ಮೊನ್ನೆ ಬೇಸಿಗೆಯಲ್ಲಿ ಎರಡು ಭರಣಿ ತುಂಬ ಮಿಡಿ ಮಾವಿನಕಾಯಿ ಹಾಕುತ್ತಿದ್ದರು. "ಮುಂದಿನ ವರ್ಷ ನಾವಿಲ್ಲಿ ಇರ್ತೀವೋ ಇಲ್ಲವೋ" ಎಂದರು ರಾಯರು. "ಉಪ್ಪಿನಕಾಯಿ ಇರತ್ತೆ" ಎಂದು ಆಕೆ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದರು.

ಒಮ್ಮೆ ಮೆಲ್ಬರ್ನಿಗೆ ಹೋಗಿಯೂ ಬಂದಿದ್ದಾರೆ, ವಿಸಿಟರ್ ವೀಸಾದಲ್ಲಿ. ಮೂರು ತಿಂಗಳೆಂದು ಹೋದವರು ಆರನೇ ವಾರಕ್ಕೆ ವಾಪಸ್. ಚಳಿ ಎಂದರು. ನಿಜ ಸಂಗತಿ ಆಮೇಲೆ ಬಾಯಿಬಿಟ್ಟರು. ಅಲ್ಲಿನ ಪಾರ್ಕಿನಲ್ಲಿ ಕನ್ನಡದವರು ಸಿಕ್ಕರು, ಗುಜರಾತಿಗಳು ಸಿಕ್ಕರು, ಆದರೆ ಎಲ್ಲರಿಗೂ ವೀಸಾ ಇತ್ತು! ಇವರ ಮಾತಿಗೆ ಗಿರಾಕಿಗಳೇ ಇಲ್ಲ.

ಕಳೆದ ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟಿಗೆಂದು ನಾವಿಬ್ಬರೂ ಬ್ಯಾಂಕಿಗೆ ಹೋಗಿದ್ದೆವು. ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರಕ್ಕೆ ಹತ್ತುವುದಿಲ್ಲ. "ಒರೆಸಿ ಇಡಿ ಸಾರ್" ಎಂದಳು ಹುಡುಗಿ. ರಾಯರು ಪಂಚೆಗೆ ಒರೆಸಿ ಹೆಬ್ಬೆರಳಿಟ್ಟರು, ಕೆಂಪು ದೀಪ. ತೋರುಬೆರಳಿಟ್ಟರು, ಕೆಂಪು. ನಡುವೆ ಸಿಕ್ಕ ಪುರುಸೊತ್ತಿನಲ್ಲಿ ಹುಡುಗಿಗೆ ಥಾಯ್ಲೆಂಡಿನ 90 ದಿನದ ಪದ್ಧತಿಯನ್ನು ವಿವರಿಸತೊಡಗಿದರು. ಪಾಪ, ಆಕೆ ತಲೆಯಾಡಿಸುತ್ತಿದ್ದಳು. ಎಂಟು ಲಕ್ಷ ಬಾತಿನವರೆಗೆ ಬಂದಿದ್ದರು, ಅಷ್ಟರಲ್ಲಿ ಸಾಲಿನ ಹಿಂದಿನಿಂದ ಕೋಲೂರಿದ ಹಿರಿಯರೊಬ್ಬರು ಕೂಗಿದರು:

"ಸ್ವಾಮೀ, ಮೊದಲು ಇಲ್ಲಿ ಬದುಕಿದ್ದೀನಿ ಅಂತ ಹೇಳಿ ಮುಗಿಸಿ. ನಮ್ಮದೂ ಇದೆ!"