ಇರೋ ವೈರಲ್ಲೇ ಆಗತ್ತೆ

ಮನೆಗೆ ಬಂದವರಿಗೆ ಮೊದಲು ನೀರು ಕೊಡುವವರಿದ್ದಾರೆ, ನೀರಿನ ಜೊತೆ ಬೆಲ್ಲ ಕೊಡುವವರೂ ಇದ್ದಾರೆ. ಅಮೆರಿಕದಲ್ಲಿ ಸ್ವಂತ ಮನೆ ಮಾಡಿಕೊಂಡ ನಮ್ಮವರಲ್ಲಿ ಒಂದು ಪಂಗಡವಿದೆ. ಅವರು ಮೊದಲು ಕೊಡುವುದು ವೈಫೈ ಪಾಸ್‌ವರ್ಡ್. ಆಮೇಲೆ ನಿಮ್ಮ ಫೋನಿನಲ್ಲೇ ಸ್ಪೀಡ್ ಟೆಸ್ಟ್ ಮಾಡಿಸಿ, ಎಷ್ಟು ಬಂತೆಂದು ನಿಮ್ಮ ಬಾಯಿಂದಲೇ ಹೇಳಿಸುತ್ತಾರೆ. ನೀವು “ಓಹೋ” ಅನ್ನಬೇಕು. ಅನ್ನದಿದ್ದರೆ ಇನ್ನೊಂದು ಕೋಣೆಗೆ ಕರೆದುಕೊಂಡು ಹೋಗಿ ಮತ್ತೆ ಮಾಡಿಸುತ್ತಾರೆ. ಹೀಗಾಗಿ ಅನುಭವಸ್ಥರು ಚಪ್ಪಲಿ ಬಿಡುವಾಗಲೇ “ಓಹೋ” ಅಂದುಬಿಡುತ್ತಾರೆ.

ಸತ್ಯನಾರಾಯಣ ಪೂಜೆಗೆ ಕರೆದರೆ ಈ ಮಹನೀಯರು ಎರಡನೇ ಅಧ್ಯಾಯದ ಹೊತ್ತಿಗೆ ಮಾಯ. ಸಪಾದ ಭಕ್ಷ್ಯದ ದೊನ್ನೆ ಹಿಡಿದು ಹುಡುಕಿಕೊಂಡು ಹೋದರೆ, ಆ ಮನೆಯವರ ಬೇಸ್‌ಮೆಂಟಿನಲ್ಲಿ ಮೊಬೈಲ್ ಟಾರ್ಚ್ ಹಾಕಿಕೊಂಡು ಯಾವುದೋ ಡಬ್ಬಿಯ ಮೇಲಿನ ಸಣ್ಣಕ್ಷರ ಓದುತ್ತಿರುತ್ತಾರೆ. ಮೇಲೆ ಬಂದವರೇ ಯಜಮಾನರನ್ನು ಪಕ್ಕಕ್ಕೆ ಕರೆದು, ಡಾಕ್ಟರು ರಿಪೋರ್ಟು ಬಂದಾಗ ತಗ್ಗಿಸುವ ದನಿಯಲ್ಲಿ, “ನಿಮ್ಮ ಸ್ಪ್ಲಿಟರ್ ಹಳೇದು” ಅನ್ನುತ್ತಾರೆ.

ನನಗೆ ಇಂಥವರ ಸಹವಾಸ ಒದಗಿದ್ದು ಮದುವೆಯ ದೆಸೆಯಿಂದ. ನನ್ನ ಷಡ್ಡಕರು ಹಾಸನದವರು. ಈಗ ನ್ಯೂಜೆರ್ಸಿಯಲ್ಲಿ ಎರಡು ಅಂತಸ್ತು, ಕೆಳಗೊಂದು ಬೇಸ್‌ಮೆಂಟು ಇರುವ ಮನೆಯ ಯಜಮಾನರು. ಯಜಮಾನಿಕೆ ಬೇಸ್‌ಮೆಂಟಿಗೆ ಮಾತ್ರ. ಮೇಲಿನದೆಲ್ಲ ನನ್ನ ನಾದಿನಿಯ ಸುಪರ್ದಿಯಲ್ಲಿದೆ. ಒಂದು ಬೇಸಿಗೆ ನಾನೂ ನನ್ನವಳೂ ಅಲ್ಲಿ ಇದ್ದೆವು. ಅವರ ಮಗಳಿಗೆ ಆನ್‌ಲೈನ್ ಪಾಠ, ಮಗನಿಗೆ ಆಟ, ನಾದಿನಿಗೆ ಮನೆಯಿಂದಲೇ ಆಫೀಸು. ಮೂಲೆಯ ಕೋಣೆಗಳಿಗೆ ವೈಫೈ ಸರಿಯಾಗಿ ತಲುಪುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ ಹೊಸ ವೈರು ಎಳೆಸುತ್ತಿದ್ದರು.

“ಇರೋ ವೈರಲ್ಲೇ ಆಗತ್ತೆ ಭಾವಾ,” ಅಂದರು ಷಡ್ಡಕರು.

ಈಗ ನಾನು ಹೇಳಹೊರಟಿರುವುದೆಲ್ಲ ಓದಿ ಕಲಿತದ್ದಲ್ಲ, ಇಡ್ಲಿ ತಿನ್ನುವಾಗ ಕಿವಿಗೆ ಬಿದ್ದದ್ದು. ಅಲ್ಲಿ ಎಂಬತ್ತು ತೊಂಬತ್ತರ ದಶಕದ ಮನೆಗಳಲ್ಲಿ ಬಿಲ್ಡರುಗಳು ಬೆಡ್‌ರೂಮುಗಳಿಗೆಲ್ಲ ಕೇಬಲ್ ಟಿವಿಯ ಕೋಯಾಕ್ಸ್ ವೈರು ಎಳೆದೇ ಕೊಡುತ್ತಿದ್ದರಂತೆ. ಈಗ ಟಿವಿಯೇ ಇಂಟರ್‌ನೆಟ್ಟಿನಲ್ಲಿ ಬರುವುದರಿಂದ ಆ ವೈರು ಗೋಡೆಯೊಳಗೆ ಸುಮ್ಮನೆ ಬಿದ್ದಿರುತ್ತದೆ. ಅದರ ಎರಡು ತುದಿಗೂ ಒಂದೊಂದು ಮೋಕಾ ಅಡಾಪ್ಟರ್ ಸಿಕ್ಕಿಸಿದರೆ ಆಯಿತು, ನೆಟ್ ಓಡುತ್ತದೆ. 2004ರಲ್ಲಿ ಕೆಲವು ಕಂಪನಿಗಳು ಸೇರಿ ಕಟ್ಟಿಕೊಂಡ ಒಕ್ಕೂಟದ ಪದ್ಧತಿ ಇದು. 2016ರಲ್ಲಿ ಬಂದ ಆವೃತ್ತಿಯಲ್ಲಿ ಸೆಕೆಂಡಿಗೆ 2.5 ಗಿಗಾಬಿಟ್‌ವರೆಗೂ ಹೋಗಬಹುದು. ಒಂದು ಮನೆಯಲ್ಲಿ 16 ಅಡಾಪ್ಟರ್‌ವರೆಗೆ ಹಾಕಬಹುದು. ಹದಿನಾರು ಎಂದಾಗ ಷಡ್ಡಕರ ಕಣ್ಣು ಹೊಳೆದದ್ದನ್ನೂ ನಾದಿನಿ ಸೌಟು ಕೆಳಗಿಟ್ಟದ್ದನ್ನೂ ನಾನು ಒಟ್ಟಿಗೇ ನೋಡಿದೆ.

“ಅದೇ ವೈರಲ್ಲಿ ಕೇಬಲ್ ಕಂಪನಿಯವರ ಸಿಗ್ನಲ್ಲೂ ಬರತ್ತಲ್ಲ, ಎರಡೂ ಕಲಸಿಹೋಗಲ್ವಾ?” ಎಂದು ಕೇಳಿದೆ. ಕೇಳಬಾರದಿತ್ತು. “ಟಿವಿ ಚಾನೆಲ್ಲುಗಳು ಸಾವಿರದೆರಡು ಮೆಗಾಹರ್ಟ್ಸ್ ಒಳಗೆ. ನಾವು 1125ರಿಂದ ಮೇಲೆ. ಕೆಳಗೆ ಬಾಡಿಗೆಯವರು, ಮಹಡಿ ಮೇಲೆ ಓನರ್ರು, ಮೆಟ್ಟಿಲು ಬೇರೆ ಬೇರೆ. ಜಗಳವೇ ಇಲ್ಲ!” ಡಿಶ್ ಇರುವ ಮನೆಯಾದರೆ? “ಅವರು 950ರಿಂದಲೇ ಶುರು ಮಾಡಿ ಮಹಡಿ ಪೂರ್ತಿ ಹಿಡ್ಕೊಂಡುಬಿಡ್ತಾರೆ ಭಾವಾ, ಅಲ್ಲಿ ನಮ್ಮದು ನಡೆಯಲ್ಲ.”

ಕೇಬಲ್ಲು ಮನೆಯೊಳಕ್ಕೆ ಬರುವ ಜಾಗದಲ್ಲಿ ಹೆಬ್ಬೆಟ್ಟಿನ ಗಾತ್ರದ ಒಂದು ಫಿಲ್ಟರ್ ತಿರುಗಿಸಿ ಕೂರಿಸಬೇಕು. ಅದು ನಮ್ಮ ಸಿಗ್ನಲ್ ಹೊರಗೆ ಹೋಗದಂತೆ ತಡೆದು ಒಳಕ್ಕೇ ವಾಪಸು ಕಳಿಸುತ್ತದೆ. “ಇದಿಲ್ಲದಿದ್ರೆ ನಮ್ಮನೆ ಸಮಾಚಾರ ಪಕ್ಕದ ಮನೆ ತನಕ ಹೋಗಬಹುದು,” ಎಂದರು ಷಡ್ಡಕರು, ಗುಟ್ಟು ಹೇಳುವವರಂತೆ. “ನೀವು ಮಾತಾಡೋ ಜೋರಿಗೆ ಅದು ವೈರಿಲ್ಲದೇನೇ ಹೋಗಿದೆ,” ಎಂದಳು ನಾದಿನಿ.

ಈ ವೈರಿನ ಮೂಲಪುರುಷನ ಚರಿತ್ರೆಯೂ ಆಗಾಗ ನಡೆಯುತ್ತಿತ್ತು. ಆಲಿವರ್ ಹೆವಿಸೈಡ್ ಎಂಬ ಇಂಗ್ಲೆಂಡಿನವನು ಕೋಯಾಕ್ಸಿಗೆ ಪೇಟೆಂಟ್ ತೆಗೆದುಕೊಂಡದ್ದು 1880ರಲ್ಲಿ. ಗಣಿತವನ್ನು ಹೆಚ್ಚೂಕಡಿಮೆ ತಾನಾಗೇ ಕಲಿತವನು; 24ನೇ ವಯಸ್ಸಿಗೆ ಟೆಲಿಗ್ರಾಫ್ ಕಂಪನಿಯ ಕೆಲಸ ಬಿಟ್ಟವನು ಮತ್ತೆ ಯಾರ ಕೈಕೆಳಗೂ ದುಡಿಯಲಿಲ್ಲ. ಇದನ್ನು ಹೇಳುವಾಗ ಷಡ್ಡಕರ ದನಿಯಲ್ಲಿ ಸಣ್ಣದೊಂದು ಹೊಟ್ಟೆಕಿಚ್ಚು.

“ಆ ಮನುಷ್ಯನಿಗೆ ಮದುವೆ ಆಗಿತ್ತಾ?” ನಾದಿನಿಯ ಪ್ರಶ್ನೆ.

“ಇಲ್ಲ.”

“ಹಾಗನ್ನಿ ಮತ್ತೆ.”

ಇಷ್ಟರವರೆಗೆ ನಾನು ಬರೀ ಪ್ರೇಕ್ಷಕ. ಕೈಯಾಳಾಗಿ ಬಡ್ತಿ ಸಿಕ್ಕಿದ್ದು ವೈರು ಹುಡುಕುವ ದಿನ. ಬೇಸ್‌ಮೆಂಟಿನ ಛಾವಣಿಯಿಂದ ಕರಿ ವೈರುಗಳ ಒಂದು ಕಟ್ಟು ಇಳಿಬಿದ್ದಿತ್ತು. ಯಾವುದರ ಮೇಲೂ ಚೀಟಿಯಿಲ್ಲ. ಯಾವುದು ಯಾವ ಕೋಣೆಗೆ ಹೋಗಿದೆಯೆಂದು ಮನೆ ಕಟ್ಟಿದವನಿಗೇ ಗೊತ್ತು. ಮೇಲೆ ಗೋಡೆಯ ಸಾಕೆಟ್ಟಿಗೆ ಒಂದು ಪುಟ್ಟ ಬಿರಡೆ ತಿರುಗಿಸಿ ಹಾಕಬೇಕು, ಕೆಳಗೆ ಪ್ರತಿ ತುದಿಗೂ ಟೆಸ್ಟರ್ ಮುಟ್ಟಿಸಿ ನೋಡಬೇಕು, ಯಾವುದಕ್ಕೆ ದೀಪ ಹತ್ತಿತೋ ಅದೇ ಈ ಕೋಣೆಯದು. ಮೇಲೆ ನಾನು, ಕೆಳಗೆ ಅವರು.

“ಹಾಕಿದ್ರಾ?”

“ಹಾಕಿದೀನಿ.”

“ಪೂರ್ತಿ ತಿರುಗಿಸಿದ್ರಾ?”

“ತಿರುಗಿಸಿದೆ. ಬಂತಾ?”

“ಇಲ್ಲ! ಬೇರೆ ರೂಮಿಗೆ ಹೋಗಿ!”

ನನ್ನ ಮಂಡಿನೋವನ್ನು ಮೈಸೂರಿನ ಡಾಕ್ಟರು ಹೆಸರಿಟ್ಟು ಗೌರವಿಸಿದ್ದಾರೆ. ಅದನ್ನು ಕಟ್ಟಿಕೊಂಡು ಕೋಣೆಯಿಂದ ಕೋಣೆಗೆ, ಮಂಚದ ಹಿಂದೆ, ಬೀರುವಿನ ಸಂದಿಗೆ, ಚಕ್ಕುಲಿ ಡಬ್ಬದಷ್ಟು ಧೂಳಿದ್ದಲ್ಲೆಲ್ಲ ತೂರಿದೆ. ಮಗಳ ಕೋಣೆಯದೊಂದು ಬಿಟ್ಟು ಉಳಿದೆಲ್ಲದರ ಲೆಕ್ಕ ಸಿಕ್ಕಿತು. ಒಂದು ವೈರು ಮಾತ್ರ ಉಳಿಯಿತು. ಮನೆಯ ನಕ್ಷೆ ಬಿಡಿಸಿ, ತಲೆ ಕೆರೆದು, ಕೊನೆಗೆ ಷಡ್ಡಕರು ಪತ್ತೆಹಚ್ಚಿದರು: ಊಟದ ಮನೆಯ ಪಕ್ಕದ ಚಿಕ್ಕ ಕೋಣೆ. ಅಂದರೆ ದೇವರಮನೆ. ಸಾಕೆಟ್ಟು ಮಂಟಪದ ಬೆನ್ನಿಗಿದೆ. ಆ ದಿನ ಶುಕ್ರವಾರ, ವರಮಹಾಲಕ್ಷ್ಮಿ ವ್ರತ. ಮಂಟಪದಲ್ಲಿ ಕಲಶ ಕೂತಿದೆ, ತೆಂಗಿನಕಾಯಿಗೆ ಮುಖವಾಡ, ಎಂಟು ಮೊಳದ ಸೀರೆ, ಎರಡು ಕಡೆ ದೀಪ.

“ಒಂದು ಗೇಣು, ಒಂದೇ ಗೇಣು ಮುಂದಕ್ಕೆ ಸರಿಸಿದ್ರೆ ಸಾಕು,” ಎಂದರು ಷಡ್ಡಕರು.

ನಾದಿನಿ ಮಾತಾಡಲಿಲ್ಲ. ಅಕ್ಕನ ಮುಖ ನೋಡಿದಳು. ಅಕ್ಕ ನನ್ನ ಮುಖ ನೋಡಿದಳು. ನಾನು ಬಿರಡೆಯನ್ನು ಜೇಬಿಗೆ ಹಾಕಿಕೊಂಡೆ. ಕಲಶ ಕದಲಿಸುವವರೆಗೆ ಮಂಟಪ ಮುಟ್ಟುವ ಹಾಗಿಲ್ಲ ಎಂದು ತೀರ್ಪಾಯಿತು. ಆ ರಾತ್ರಿ ಆರತಿಯ ಹೊತ್ತಿಗೆ ಷಡ್ಡಕರು ಕೈಮುಗಿದು ನಿಂತ ಭಕ್ತಿ ಕಂಡು ನನ್ನವಳಿಗೆ ಕಣ್ಣು ತುಂಬಿತು. ಅವರು ನೋಡುತ್ತಿದ್ದದ್ದು ಅಮ್ಮನವರ ಎಡಭುಜದಾಚೆ, ಗೋಡೆಯಲ್ಲಿ ಇಣುಕುತ್ತಿದ್ದ ಬಿಳಿ ಪ್ಲೇಟನ್ನು.

ಮರುದಿನ ಪುನಃಪೂಜೆ ಮುಗಿಸಿ ನಾದಿನಿ ಕಲಶ ಕದಲಿಸಿದಳೋ ಇಲ್ಲವೋ, ಸ್ಕ್ರೂಡ್ರೈವರ್ ಹಿಡಿದು ಒಳಗೆ ನುಗ್ಗಿದರು. ಪ್ಲೇಟು ಬಿಚ್ಚಿದರೆ ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ, ಚಿನ್ನದ ಬಣ್ಣದ ಸ್ಪ್ಲಿಟರ್. ಒಂದು ವೈರು ಒಳಕ್ಕೆ, ಎರಡು ಹೊರಕ್ಕೆ. ಮಗಳ ಕೋಣೆಯ ವೈರು ಹೊರಟಿದ್ದೇ ಇಲ್ಲಿಂದ. ಟಾರ್ಚ್ ಹಾಕಿ ಓದಿದರು: 5ರಿಂದ 900 ಮೆಗಾಹರ್ಟ್ಸ್. “ಸಿಕ್ಕಿದ ಭಾವಾ ಕಳ್ಳ!” ಟಿವಿ ಕಾಲದ್ದಾದ್ದರಿಂದ 1125ರ ಮೇಲಿನದನ್ನು ಅದು ಸರಿಯಾಗಿ ದಾಟಿಸುತ್ತಿರಲಿಲ್ಲ. 1675ರವರೆಗೆ ತಾಳುವ ಹೊಸದು ಬಂತು. ಎಷ್ಟೇ ಒಳ್ಳೆಯದಾದರೂ ಎರಡು ದಾರಿಯ ಸ್ಪ್ಲಿಟರ್ ಪ್ರತಿ ದಾರಿಗೆ 3.5 ಡೆಸಿಬೆಲ್ ಸುಂಕ ಹಿಡಿದೇ ಬಿಡುತ್ತದಂತೆ. ಅಂದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಅಲ್ಲೇ ಹೋಯಿತು. ಖಾಲಿ ಬಿಟ್ಟ ಬಾಯಿಗಳಿಗೆಲ್ಲ 75 ಓಮಿನ ಮುಚ್ಚಳ ಬಂದವು, ಇಲ್ಲದಿದ್ದರೆ ಸಿಗ್ನಲ್ ಬಡಿದು ಹಿಂದಕ್ಕೆ ಬರುತ್ತದೆ. ತುದಿಗೆ ಕನೆಕ್ಟರ್ ಒತ್ತುವ ಇಕ್ಕಳ ಬಂತು. ಅಡಾಪ್ಟರು ಜೋಡಿಗೆ ನೂರು ಡಾಲರಿಗೂ ಮೇಲೆ; ಇವರಿಗೆ ಬೇಕಾದದ್ದು ಒಂದು ಜೋಡಿಯಲ್ಲ. ಹೊಸ ವೈರೇ ಎಳೆಸಿದ್ದರೆ ಎಷ್ಟಾಗುತ್ತಿತ್ತು ಎಂದು ಕೇಳಿದೆ. “ಅದು ದಂಡ ಅಲ್ವಾ ಭಾವಾ, ವೈರು ಇರುವಾಗ?” ಈ ಪಂಗಡದವರ ಲೆಕ್ಕದಲ್ಲಿ ಉಳಿತಾಯಕ್ಕೆ ಮಾಡಿದ ಖರ್ಚು ಖರ್ಚಲ್ಲ.

ನಿಜ ಹೇಳಬೇಕೆಂದರೆ, ಕೆಲಸ ಮಾಡಿತು. ಮಗಳ ಪಾಠ ನಿಲ್ಲಲಿಲ್ಲ, ನಾದಿನಿಯ ಮೀಟಿಂಗಿನಲ್ಲಿ ಮುಖಗಳು ಬಾಯಿ ತೆರೆದುಕೊಂಡು ಕಲ್ಲಾಗುವುದು ತಪ್ಪಿತು. ಯಾರೂ “ಓಹೋ” ಅನ್ನಲಿಲ್ಲ. ನೆಟ್ ಸರಿಯಾಗಿದ್ದಾಗ ಅದನ್ನು ಸರಿಮಾಡಿದವನ ನೆನಪು ಯಾರಿಗೆ?

ಒಂದು ಸಂಜೆ ಡೆಕ್ಕಿನ ಮೇಲೆ ಕೂತು ಷಡ್ಡಕರು ಹಾಸನದ ಮಾತು ತೆಗೆದರು. ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ಅಲ್ಲಿ ಶುರುವಾದದ್ದು 1982ರಲ್ಲಿ. ಆಕಾಶದ ಉಪಗ್ರಹ ಊರಿನವರ ಮಾತು ಕೇಳುತ್ತಿತ್ತು, ಇವರ ಮನೆಯ ಟಿವಿ ಕೇಳುತ್ತಿರಲಿಲ್ಲ. ತೆರೆಯ ತುಂಬ ಇರುವೆ. 1987ರಲ್ಲಿ ‘ರಾಮಾಯಣ’ ಶುರುವಾದಾಗ ಭಾನುವಾರ ಬೆಳಿಗ್ಗೆ ಬೀದಿಯವರೆಲ್ಲ ಇವರ ಹಾಲಿನಲ್ಲಿ. ಆಂಟೆನಾ ಹಿಡಿದು ತಾರಸಿಯ ಮೇಲೆ ನಿಲ್ಲುವುದು ಮನೆಯ ಕಿರಿಮಗನ ಪಾಲು. “ಬಂತಾ?” “ಹೂಂ ಬಂತು, ಹಾಗೇ ಹಿಡ್ಕೋ!” ಕೈ ಬಿಟ್ಟರೆ ರಾಮನೂ ಹೋದ, ರಾವಣನೂ ಹೋದ. “ಎಷ್ಟೋ ವಾರ ರಾಮಾಯಣ ಬರೀ ಕೇಳಿದೀನಿ ಭಾವಾ, ನೋಡಿಲ್ಲ,” ಎಂದು ನಕ್ಕರು. ಕೆಳಗಿನಿಂದ ಅವರ ಅಪ್ಪ “ಭೇಷ್” ಅನ್ನುತ್ತಿದ್ದರಂತೆ. ಅದೂ ಕೇಳಿಸುತ್ತಿತ್ತಂತೆ.

ಅಂದು ಒಂದು ಸಿಗ್ನಲ್ಲು ಬೀದಿಯನ್ನೆಲ್ಲ ಒಂದೇ ಹಾಲಿಗೆ ತಂದು ಕೂರಿಸುತ್ತಿತ್ತು. ಇಂದು ಅದೇ ಮನುಷ್ಯ ಕೋಣೆಕೋಣೆಗೂ ತಾನೇ ಸಿಗ್ನಲ್ ಮುಟ್ಟಿಸಿ, ಕೆಳಗೆ ಬರುವ ಅಗತ್ಯವೇ ಯಾರಿಗೂ ಇಲ್ಲದಂತೆ ಮಾಡಿದ್ದಾನೆ. ಇದನ್ನು ಅವರಿಗೆ ಹೇಳಬೇಕೆಂದು ದೊಡ್ಡ ಮನುಷ್ಯನ ಗಾಂಭೀರ್ಯ ತಂದುಕೊಂಡೆ. ಅಷ್ಟರಲ್ಲಿ ನನ್ನ ಕೋಣೆಯ ಟಿವಿಯಲ್ಲಿ ಧಾರಾವಾಹಿಯ ಹೊತ್ತಾಗಿತ್ತು. ಎದ್ದು ಹೋಗಿ ಬಾಗಿಲು ಹಾಕಿಕೊಂಡೆ. ಚಿತ್ರ ಬಹಳ ಚೆನ್ನಾಗಿ ಬರುತ್ತಿತ್ತು.

ಮೊನ್ನೆ ಷಡ್ಡಕರ ವಿಡಿಯೋ ಕಾಲ್. ಅವರ ಬೀದಿಗೆ ಫೈಬರ್ ಬರುತ್ತಿದೆಯಂತೆ, ರಸ್ತೆ ಅಗೆಯುತ್ತಿದ್ದಾರಂತೆ. ಇಷ್ಟು ಪಾಡುಪಟ್ಟ ಕೋಯಾಕ್ಸಿನ ಗತಿ ಏನಪ್ಪಾ ಎಂದು ನನಗೇ ಸಂಕಟವಾಯಿತು. ಅವರಿಗೆ ಆಗಿರಲಿಲ್ಲ.

“ಫೈಬರ್ ಮನೆ ಗೋಡೆ ತನಕ ತಾನೇ ಭಾವಾ? ಒಳಗಡೆ ನಮ್ಮ ವೈರೇ ಗತಿ!” ಎಂದು ಫೋನನ್ನು ತಿರುಗಿಸಿ ಬೇಸ್‌ಮೆಂಟಿನ ಗೋಡೆ ತೋರಿಸಿದರು. ಕೋಯಾಕ್ಸಿಗೆಲ್ಲ ಈಗ ಚೀಟಿ ಅಂಟಿಸಿದ್ದಾರೆ; ಒಂದರ ಮೇಲೆ “ದೇವರು” ಎಂದಿತ್ತು. ಅದರ ಪಕ್ಕದಲ್ಲೇ ಸಣ್ಣ ಬೂದು ವೈರುಗಳ ಇನ್ನೊಂದು ಗೊಂಚಲು. “ಇದು ಹಳೇ ಟೆಲಿಫೋನ್ ವೈರು. ಇದೂ ಎಲ್ಲಾ ರೂಮಿಗೂ ಹೋಗಿದೆ. ಇದರಲ್ಲೂ ನೆಟ್ ಓಡಿಸೋ ಡಬ್ಬ ಬಂದಿದೆ, ಗೊತ್ತಾ? ನೀವು ಮುಂದಿನ ಸಲ ಯಾವಾಗ ಬರ್ತೀರಾ?”

ಹಿಂದಿನಿಂದ ನಾದಿನಿಯ ಕೂಗು ಕೇಳಿತು: “ಅಕ್ಕಾ, ಭಾವನ ಟಿಕೆಟ್ಟು ಹಬ್ಬಕ್ಕೆ ಸರಿಯಾಗಿ ಮಾಡ್ಸು! ಇವರು ಆ ಕಡೆ ಸುಳಿಯೋ ಮುಂಚೆ ಕಲಶ ಕೂರಿಸಿಬಿಡ್ತೀನಿ.”