ಹಿತ್ತಲ ಹುಳುಗಳ ರಾಜ್ಯ ಪುನರ್ವಿಂಗಡಣೆ: ಒಂದು ಶಾಸ್ತ್ರೀಯ ಜಿಜ್ಞಾಸೆ

ಹಿತ್ತಲು, ಅಂದರೆ ಹಿಂಬಾಗಿಲಿನಿಂದ ಕಾಂಪೌಂಡ್ ಗೋಡೆಯವರೆಗೆ ಬಚ್ಚಲ ನೀರು ಹರಿದು ಮುಟ್ಟುವಷ್ಟು ವಿಸ್ತಾರದ ಭೂಭಾಗವು, ರಾಜ್ಯಶಾಸ್ತ್ರದ ಗ್ರಂಥಗಳಲ್ಲಿ ಇದುವರೆಗೆ ತಕ್ಕ ಗಮನವನ್ನು ಪಡೆದಿಲ್ಲ. ಗಡಿ, ಅತಿಕ್ರಮಣ, ವಲಸೆ, ಕಪ್ಪಕಾಣಿಕೆ, ಒಳಸಂಚು ಎಂದು ಆ ಶಾಸ್ತ್ರದವರು ಸಾಮ್ರಾಜ್ಯಗಳಲ್ಲಿ ಹುಡುಕುವುದೆಲ್ಲವೂ ನಾಲ್ಕು ಬದನೆ ಗಿಡ, ಒಂದು ಹೀರೆ ಬಳ್ಳಿ ಮತ್ತು ಒಂದು ದಾಸವಾಳವಿರುವ ಹಿತ್ತಲಿನಲ್ಲಿ ಖರ್ಚಿಲ್ಲದೆ ದೊರೆಯುತ್ತದೆಂಬುದನ್ನು ನೆನೆದರೆ ಈ ಉಪೇಕ್ಷೆ ಅಕ್ಷಮ್ಯವೆನಿಸುತ್ತದೆ. ಪ್ರಸ್ತುತ ಪ್ರಬಂಧವು ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ ಸೀಮೆಯ ಹಿತ್ತಲುಗಳಿಗೆ ತನ್ನನ್ನು ಸೀಮಿತಗೊಳಿಸಿಕೊಂಡಿದ್ದು, ಇದಕ್ಕೆ ಚಾರಿತ್ರಿಕ ಕಾರಣಗಳಿವೆ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡಿ ಹಂಚಿದಾಗ ರಾಯಚೂರು ಮೈಸೂರಿಗೆ ಬಂದಿತು. ಅದೇ ಜಿಲ್ಲೆಯ ಗದ್ವಾಲ ಮತ್ತು ಆಲಂಪುರಗಳು ಮಹಬೂಬ್‌ನಗರಕ್ಕೆ ಸೇರಿ ಆಂಧ್ರಪ್ರದೇಶದ ಪಾಲಾದವು. ಮೊದಲೇ ಮಹಬೂಬ್‌ನಗರದಲ್ಲಿದ್ದ ನಾರಾಯಣಪೇಟೆ, ಮಕ್ತಲ್‌ಗಳು ಬಾಯಲ್ಲಿ ಕನ್ನಡವನ್ನೂ ಬೀಗತನದಲ್ಲಿ ರಾಯಚೂರು, ಯಾದಗಿರಿಗಳನ್ನೂ ಇಟ್ಟುಕೊಂಡೇ ಅತ್ತ ಉಳಿದವು. 2014ರಲ್ಲಿ ತೆಲಂಗಾಣ, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಉದಯಿಸಿದವು. 1956ಕ್ಕೂ ಹಿಂದೆ ನೆಟ್ಟ ಬೇವಿನ ಮರವೊಂದು ಗದ್ವಾಲದಲ್ಲಿ ಇಂದಿಗೂ ಇದ್ದರೆ, ಅದು ನಿಂತಲ್ಲಿಂದ ಕದಲದೆ ಮೂರು ರಾಜ್ಯಗಳನ್ನೂ ಮೂರು ಜಿಲ್ಲೆಗಳನ್ನೂ ಸುತ್ತಿದಂತಾಯಿತು. ಆದರೆ ರಾಜ್ಯಗಳ ಪುನರ್ವಿಂಗಡಣೆಗೆಂದು 1953ರಲ್ಲಿ ನೇಮಕಗೊಂಡು 1955ರಲ್ಲಿ ವರದಿಯೊಪ್ಪಿಸಿದ ಫಜಲ್ ಅಲಿ ಆಯೋಗವು ಸಾವಿರಾರು ಮನವಿಗಳನ್ನು ಸ್ವೀಕರಿಸಿಯೂ ಬದನೆಯ ಕಾಯಿಕೊರಕದ ಅಹವಾಲನ್ನು ಮಾತ್ರ ಕೇಳಲಿಲ್ಲ. ಪರಿಣಾಮವಾಗಿ ಆ ಹುಳು ವಿಭಜನೆಯನ್ನು ಇಂದಿಗೂ ಒಪ್ಪಿಲ್ಲ. ರಾಯಚೂರಿನ ಬದನೆ, ಮಕ್ತಲಿನ ಬದನೆ ಎಂಬ ಭೇದವೆಣಿಸದೆ ಕೃಷ್ಣೆಯ ಎರಡೂ ದಡಗಳಲ್ಲಿ ಅದು ಸಮಾನ ಶ್ರದ್ಧೆಯಿಂದ ಕೊರೆಯುತ್ತಿರುವುದರಿಂದ, ಮನುಷ್ಯರಿಗೆ ಸಾಧ್ಯವಾಗದ ಏಕೀಕರಣವನ್ನು ಹುಳುಗಳು ಸಾಧಿಸಿವೆ ಎಂಬುದೇ ಈ ಪ್ರಬಂಧದ ಪ್ರತಿಪಾದ್ಯ. ಹುಳುಗಳ ವಿರುದ್ಧದ ಸಲಹೆಗಳು ಮಾತ್ರ ಭಾಷಾವಾರು ಪ್ರಾಂತ್ಯಗಳನ್ನು ನಿಷ್ಠೆಯಿಂದ ಪಾಲಿಸುತ್ತಿದ್ದು, ಕರಪತ್ರ ತೆಲುಗಿನಲ್ಲಿ ಬರುತ್ತದೆ, ರಾಯಚೂರಿನ ಬೀಗರ ಫೋನು ಕನ್ನಡದಲ್ಲಿ ಬರುತ್ತದೆ, ಮನೆಯ ಯಜಮಾನನು ಎರಡನ್ನೂ ಗೌರವಿಸಿ ಎರಡು ಸಲ ಸಿಂಪಡಿಸುತ್ತಾನೆ.

ಶಾಸ್ತ್ರಾಧಾರವನ್ನು ಬಯಸುವವರು ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಶ. 1025ರಲ್ಲಿ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ವನ್ನು ನೋಡಬಹುದು. ಗಿಡಮರಗಳ ಆರೈಕೆಯನ್ನು ಹೇಳುವ ವೃಕ್ಷಾಯುರ್ವೇದದ ಜೊತೆಗೆ ಅಡುಗೆ ಮತ್ತು ಶಕುನಗಳ ವಿಚಾರವೂ ಅದೇ ಗ್ರಂಥದಲ್ಲಿರುವುದರಿಂದ, ಗಿಡ ಉಳಿದರೆ ಬೇಯಿಸಲಿಕ್ಕೂ ಉಳಿಯದಿದ್ದರೆ ಕಾರಣವನ್ನು ಹಲ್ಲಿಯ ಮೇಲೆ ಹೊರಿಸಲಿಕ್ಕೂ ಬೇರೆ ಪುಸ್ತಕ ಕೊಳ್ಳಬೇಕಾಗಿಲ್ಲ. ಇಂದಿನ ಕೃಷಿ ಗ್ರಂಥಗಳಲ್ಲಿ ಈ ದೂರದೃಷ್ಟಿ ಕಾಣಬರುವುದಿಲ್ಲ.

ಮೊದಲನೆಯ ಪ್ರತಿಪಕ್ಷವಾದ ಬದನೆಯ ಕುಡಿ ಮತ್ತು ಕಾಯಿ ಕೊರಕವು ಬಿಳಿಯ ಸಣ್ಣ ಪತಂಗವೊಂದರ ಮರಿ. ಬೆಳಿಗ್ಗೆ ನೋಡಿದರೆ ಗಿಡವೆಲ್ಲ ಹಸಿರಾಗಿದ್ದು ತುದಿಯ ಎಳೆಯ ಕುಡಿಯೊಂದು ಮಾತ್ರ ಜೋತುಬಿದ್ದಿರುತ್ತದೆ. ಯಜಮಾನನು ಇದನ್ನು ಬಾಯಾರಿಕೆಯೆಂದು ತಿಳಿದು ಎರಡು ಕೊಡ ನೀರು ಸುರಿಯುತ್ತಾನೆ. ಆ ಕುಡಿಯನ್ನು ಉಗುರಿನಿಂದ ಸೀಳಿ ನೋಡಿದವರಿಗೆ ಒಳಗೆ ನಸುಗೆಂಪು ಮೈಯ ಹುಳುವೊಂದು ತಿಂದು ಟೊಳ್ಳು ಮಾಡಿದ ಓಣಿಯಲ್ಲಿ ಹಾಯಾಗಿ ಮಲಗಿರುವುದು ಕಾಣುತ್ತದೆ. ಕಾಯಿಯನ್ನು ಹೊಕ್ಕಾಗ ಅದು ಬಂದ ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುವುದರಿಂದ ಆ ಗಾಯ ಮಾಯ್ದು ಕಣ್ಣಿಗೆ ಬೀಳದಂತಾಗುತ್ತದೆ. ಎದ್ದು ಕಾಣುವ ದೊಡ್ಡ ತೂತು ಅದು ಹೊರಟುಹೋದ ದಾರಿ. ಎಂದರೆ ತೂತಿರುವ ಕಾಯಿಯಿಂದ ಹುಳು ಬಹುಮಟ್ಟಿಗೆ ಖಾಲಿ ಮಾಡಿಕೊಂಡು ಹೋಗಿರುತ್ತದೆ, ತೂತಿಲ್ಲದ ನುಣುಪು ಕಾಯಿಯಲ್ಲಿ ವಾಸವಿರಲೂಬಹುದು. ಎಣಗಾಯಿಗೆಂದು ಆರಿಸಿ ಆರಿಸಿ ಕಿತ್ತ ನುಣುಪು ಕಾಯಿಯನ್ನು ನಾಲ್ಕಾಗಿ ಸೀಳಿದಾಗ ಅಡುಗೆಮನೆಯಿಂದ ಕೇಳಿಬರುವ ಉದ್ಗಾರವನ್ನು ಪ್ರಮಾಣಶಾಸ್ತ್ರದಲ್ಲಿ ಪ್ರತ್ಯಕ್ಷ ಪ್ರಮಾಣವೆನ್ನುತ್ತಾರೆ. ಒಳಸೇರಿದ ಹುಳುವಿಗೆ ಹೊರಗಿನ ಸಿಂಪಡಣೆ ತಾಗದಾದ್ದರಿಂದ, ಬಾಡಿದ ಕುಡಿಯನ್ನು ಹುಳುವಿರುವ ಜಾಗದ ಕೆಳಗೆ ಚಿವುಟಿ, ಅಲ್ಲೇ ಎಸೆಯದೆ ಸುಡುವುದು, ಇದನ್ನು ವಾರಕ್ಕೊಮ್ಮೆಯಾದರೂ ಮಾಡುವುದು, ಇಷ್ಟೇ ಉಪಾಯ. ಇದಕ್ಕೆ ಖರ್ಚಿಲ್ಲದ ಕಾರಣ ಯಾರೂ ನಂಬುವುದಿಲ್ಲ.

ಎರಡನೆಯದಾದ ಸಸ್ಯಹೇನಿನ ಪ್ರಕರಣವು ಸಾಮಂತ ಪದ್ಧತಿಯನ್ನು ಹೋಲುತ್ತದೆ. ಅವರೆಯ ಕುಡಿಗೆ ಮುತ್ತಿದ ಹೇನು ರಸ ಹೀರಿ ಸಿಹಿಯಾದ ಅಂಟನ್ನು ವಿಸರ್ಜಿಸುತ್ತದೆ. ಆ ಕಪ್ಪವನ್ನು ಸ್ವೀಕರಿಸುವ ಇರುವೆಗಳು ಪ್ರತಿಯಾಗಿ, ಹೇನನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಅಟ್ಟಿ ರಕ್ಷಣೆ ಕೊಡುತ್ತವೆ. ಮನೆಯವರು ಗುಲಗಂಜಿ ಹುಳುವನ್ನು ಕಂಡೊಡನೆ ಅದೇ ಅಪರಾಧಿಯೆಂದು ಹೊಸಕಿ, ಇರುವೆಯನ್ನು ಶುಭವೆಂದು ಬಿಟ್ಟು, ತಮಗರಿವಿಲ್ಲದೆ ಶತ್ರುಪಕ್ಷದ ಸೈನ್ಯದಲ್ಲಿ ಸಂಬಳವಿಲ್ಲದ ಸೇವೆ ಸಲ್ಲಿಸುತ್ತಾರೆ.

ಚಿಕಿತ್ಸೆಯ ವಿಷಯದಲ್ಲಿ ಈ ಸೀಮೆಯ ಪಂಡಿತರು ಬೂದಿವಾದಿಗಳು ಮತ್ತು ಬೇವುವಾದಿಗಳೆಂದು ಎರಡು ಪಂಗಡವಾಗಿದ್ದಾರೆ. ಇಬ್ಬನಿ ಆರುವ ಮೊದಲು ಎಲೆಗಳ ಮೇಲೆ ಒಲೆಯ ಬೂದಿಯನ್ನು ಎರಚಬೇಕೆಂಬುದು ಪೂರ್ವಪಕ್ಷ. ಗ್ಯಾಸ್ ಸಿಲಿಂಡರ್ ಬಂದ ಮೇಲೆ ಈ ಪಂಗಡಕ್ಕೆ ಮೂಲದ್ರವ್ಯದ ಕೊರತೆಯುಂಟಾಗಿದ್ದು, ಅನುಯಾಯಿಗಳು ಊದುಬತ್ತಿಯ ಬೂದಿಯನ್ನು ಕೂಡಿಡುವ ಸ್ಥಿತಿಗೆ ಇಳಿದಿದ್ದಾರೆ. ಸಿದ್ಧಾಂತಪಕ್ಷವು ಐವತ್ತು ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ ಸೋಸಿ, ಎಲೆಗೆ ಅಂಟಲೆಂದು ಸ್ವಲ್ಪ ಸೋಪು ಕದಡಿ, ಸಂಜೆ ಸಿಂಪಡಿಸಬೇಕೆನ್ನುತ್ತದೆ. ಸಂಜೆಯೇ ಏಕೆಂದರೆ, ಹುಳುವಿನ ಹಸಿವನ್ನೂ ಬೆಳವಣಿಗೆಯನ್ನೂ ಕೆಡಿಸುವ ಬೇವಿನ ಸತ್ವವಾದ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಸತ್ವಗೆಡುತ್ತದೆ. ಈ ಸೀಮೆಯ ಮೇ ತಿಂಗಳ ಬಿಸಿಲಿನಲ್ಲಿ ಮನುಷ್ಯರಿಗೂ ಅದೇ ಗತಿಯಾಗುವುದರಿಂದ ಹೆಚ್ಚಿನ ವಿವರಣೆ ಬೇಕಿಲ್ಲ. ಹೀರೆ, ಹಾಗಲಗಳ ಹಣ್ಣಿನ ನೊಣದ ಬಗ್ಗೆ ಇಷ್ಟು ಸಾಕು: ಅದರ ಮರಿ ಕೊಳೆತ ಕಾಯಿಯಿಂದ ಮಣ್ಣಿಗಿಳಿದು ಕೋಶವಾಗುತ್ತದೆ, ಆದ್ದರಿಂದ ಕೆಟ್ಟ ಕಾಯಿಯನ್ನು ತಿಪ್ಪೆಗೆಸೆಯುವುದೆಂದರೆ ಮುಂದಿನ ತಲೆಮಾರಿಗೆ ಮನೆ ಕಟ್ಟಿಸಿಕೊಟ್ಟಂತೆ.

ಇನ್ನು ಚತುಷ್ಪಾದಿಗಳು. ಆಡು ಮತ್ತು ಹಂದಿಗಳಿಗೆ ಹಳೆಯ ಸೀರೆಯ ಬೇಲಿಯೇ ಸಾಕೆಂಬುದು ಸರ್ವಸಮ್ಮತ. ಚೌಕುಳಿಯ ನಾರಾಯಣಪೇಟೆ ಸೀರೆಯೋ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗುಗಳನ್ನು ಮಗ್ಗದಲ್ಲೇ ಕೂಡಿಸಿದ ಗದ್ವಾಲ ಸೀರೆಯೋ ಬೇಲಿಗೆ ಹೆಚ್ಚು ಪರಿಣಾಮಕಾರಿಯೆಂಬ ಪ್ರಶ್ನೆಯನ್ನು ಪ್ರಯೋಗದಿಂದ ನಿರ್ಣಯಿಸಬಹುದಿತ್ತು. ಆದರೆ ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯೂ ಅತ್ತೆಯವರ ಕಾವಲೂ ಇರುವುದರಿಂದ ಸಂಶೋಧನೆಗೆ ಮಾದರಿಗಳು ಲಭಿಸಲಿಲ್ಲ. ನೇಕಾರರ ಊರಿನಲ್ಲೂ ಬೇಲಿಗೇರುವುದು ಸಿಂಥೆಟಿಕ್ ಸೀರೆಯೇ. ಕೋತಿಗೆ ಯಾವ ಸೀರೆಯೂ ಅಡ್ಡಿಯಲ್ಲ. 2019ರಲ್ಲಿ ಶಿವಮೊಗ್ಗ ಜಿಲ್ಲೆಯ ರೈತರೊಬ್ಬರು ಕೋತಿಗಳನ್ನು ಬೆದರಿಸಲು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದದ್ದು ಸುದ್ದಿಯಾಗಿತ್ತು. 2020ರಲ್ಲಿ ತೆಲಂಗಾಣ ಸರ್ಕಾರವು ನಿರ್ಮಲ್‌ನಲ್ಲಿ ಕೋತಿಗಳ ಪುನರ್ವಸತಿ ಕೇಂದ್ರವನ್ನು ತೆರೆಯಿತು. ಮಕ್ತಲಿನ ಪೇರಲ ಮರದ ಮೇಲಿನ ಕೋತಿಗಳು ನಾಯಿ ಮತ್ತು ನಿರ್ಮಲ್ ಎರಡರ ಬಗ್ಗೆಯೂ ಇದುವರೆಗೆ ಆಸಕ್ತಿ ತೋರಿಲ್ಲ.

ಕೊನೆಯ ವರ್ಗವು ದ್ವಿಪಾದಿ. ಸೂರ್ಯೋದಯಕ್ಕೆ ಮುನ್ನ ಪ್ಲಾಸ್ಟಿಕ್ ಬುಟ್ಟಿ ಹಿಡಿದು ಕಾಂಪೌಂಡಿನಾಚೆಯಿಂದ ದಾಸವಾಳದ ಕೊಂಬೆ ಬಗ್ಗಿಸುವ, ಸಿಕ್ಕಿಬಿದ್ದರೆ “ದೇವರಿಗೆ ಅಕ್ಕಾ, ಎರಡೇ ಎರಡು” ಎಂದು ನುಡಿಯುವ ಈ ಜೀವಿಗೆ ಬೂದಿಯೂ ಬೇವೂ ನಾಟುವುದಿಲ್ಲ, ಶಾಪವಂತೂ ಪೂಜೆಯ ಪುಣ್ಯದೆದುರು ನಿಲ್ಲುವುದಿಲ್ಲ. ಆದರೆ ಅದೇ ದಾಸವಾಳಕ್ಕೆ ಹಿಟ್ಟುತಿಗಣೆ, ಅಂದರೆ ಹತ್ತಿಯ ತುಣುಕಿನಂತೆ ಬೆಳ್ಳಗೆ ಅಂಟಿ ರಸ ಹೀರುವ ಕೀಟ, ಹತ್ತಿದಾಗ ಬುಟ್ಟಿಯವರು ಮುಖ ಸಿಂಡರಿಸಿ ಮುಂದಿನ ಮನೆಗೆ ನಡೆಯುವುದನ್ನು ಗಮನಿಸಲಾಗಿದೆ. ಹಿಟ್ಟುತಿಗಣೆಯ ಮೈಮೇಲೆ ಮೇಣವಿರುವುದರಿಂದ ಬರಿಯ ನೀರು ಜಾರಿಹೋಗುತ್ತದೆ. ಲೀಟರಿಗೆ ಐದು ಮಿಲಿ ಬೇವಿನೆಣ್ಣೆಯನ್ನು ಮೊದಲು ಸೋಪಿನೊಂದಿಗೆ ಕಲಸಿ, ಆಮೇಲೆ ನೀರು ಬೆರೆಸಿ, ಎಲೆಯ ಅಡಿಯೂ ತೋಯುವಂತೆ ವಾರದ ಅಂತರದಲ್ಲಿ ಸಿಂಪಡಿಸುತ್ತ ಹೋದರೆ ಅದು ಇಳಿಮುಖವಾಗುತ್ತದೆ, ಗಿಡ ಚಿಗುರಿ ಹೂಬಿಡುತ್ತದೆ, ಬುಟ್ಟಿಯವರು ಮರಳಿ ಬರುತ್ತಾರೆ. ಆದ್ದರಿಂದ ಅನುಭವಸ್ಥರು ಗಿಡಕ್ಕೆಲ್ಲ ಔಷಧಿ ಹೊಡೆದು, ರಸ್ತೆಯ ಕಡೆಗೆ ಚಾಚಿದ ರೆಂಬೆಯೊಂದನ್ನು ಮಾತ್ರ ಹಿಟ್ಟುತಿಗಣೆಗೆ ಬಿಟ್ಟುಕೊಡುತ್ತಾರೆ.